ಜ್ವರ ಬಿಟ್ಟ ಮೇಲಿನ ಆರು ವಾರ: ಶಿಲೀಂಧ್ರ ಸೋಂಕಿನ ಮೇಲೆ ಮನೆಯಲ್ಲೇ ಕಣ್ಣಿಡುವುದು ಹೇಗೆ?

ಮಳೆ ಹಿಡಿಯುತ್ತಿದ್ದಂತೆ ನನಗೆ ಬರುವ ಪ್ರಶ್ನೆ ಒಂದೇ. "ನಮ್ಮ ಮನೆಯಲ್ಲಿ ಅಪ್ಪನಿಗೆ ಜ್ವರ ಬಂದು ಈಗಷ್ಟೇ ಬಿಟ್ಟಿದೆ. ಗೋಡೆಯ ತುಂಬ ಬೂಷ್ಟು, ಕಪಾಟಿನ ಬಟ್ಟೆಯೂ ಮುಗ್ಗಲು ವಾಸನೆ. ಅವರಿಗೆ ಆ ಕಪ್ಪು ಶಿಲೀಂಧ್ರ ಅಂಟಿಬಿಟ್ಟರೆ ಏನು ಗತಿ?" ಕೇಳುವವರು ಸಾಗರದವರು, ಹೊಸನಗರದವರು, ಆಗುಂಬೆ ಕಡೆಯವರು. 2021ರ ಬೇಸಿಗೆಯಲ್ಲಿ ಕೋವಿಡ್‌ನ ಎರಡನೆಯ ಅಲೆ ಬಂದಾಗ ಈ ಕಾಯಿಲೆಯನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸುವಂತೆ ಕೇಂದ್ರವು ರಾಜ್ಯಗಳಿಗೆ ಹೇಳಿತ್ತು. ಆ ದಿನಗಳ ಸುದ್ದಿ ಮನಸ್ಸಿನಿಂದ ಇನ್ನೂ ಅಳಿಸಿಲ್ಲ.

ನಾನು ವೈದ್ಯೆಯಲ್ಲ. ಆಸ್ಪತ್ರೆಯ ವಾರ್ಡುಗಳಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಮನೆಯವರು ಮಾಡಬಹುದಾದದ್ದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಔಷಧಿ ಬರೆದುಕೊಡುವುದು ವೈದ್ಯರ ಕೆಲಸ. ಸಮಯಕ್ಕೆ ಸರಿಯಾಗಿ ಅವರ ಮುಂದೆ ಹೋಗಿ ನಿಲ್ಲುವುದು ನಿಮ್ಮ ಕೆಲಸ.

ಗೋಡೆಯ ಬೂಷ್ಟಿಗೆ ಅಷ್ಟೊಂದು ಹೆದರಬೇಡಿ, ರಕ್ತದ ಸಕ್ಕರೆಗೆ ಹೆದರಿ. ಶಿಲೀಂಧ್ರದ ಬೀಜಕಣಗಳು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಗೊಬ್ಬರದಲ್ಲಿ, ಹಳಸಿದ ರೊಟ್ಟಿಯ ಮೇಲೆ ಎಲ್ಲೆಲ್ಲೂ ಇವೆ. ಮಲೆನಾಡಿನಲ್ಲಿ ಹುಟ್ಟಿದ ನಾವು ಅವನ್ನು ದಿನವೂ ಉಸಿರಾಡುತ್ತೇವೆ. ಆರೋಗ್ಯವಂತರ ದೇಹ ಅವನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಾಯಿಲೆಯಿಂದ ಎದ್ದವರ ಸಕ್ಕರೆ ಏರಿದ್ದು, ಮೇಲಿಂದ ಸ್ಟೀರಾಯ್ಡ್ ಕೂಡ ಬಿದ್ದಿದ್ದರೆ ಲೆಕ್ಕ ತಪ್ಪುತ್ತದೆ.

ಮೊದಲು ಕೆಲವು ಪದಗಳು

ಅವಕಾಶವಾದಿ ಸೋಂಕು ಎಂದರೆ ದೇಹದ ರಕ್ಷಣೆ ಗಟ್ಟಿಯಾಗಿರುವವರೆಗೆ ಸುಮ್ಮನಿದ್ದು, ಅದು ಸಡಿಲವಾದಾಗ ಒಳಗೆ ನುಗ್ಗುವ ಸೋಂಕು. ವೈರಾಣು ಜ್ವರದ ನಂತರ ಮುಖ್ಯವಾಗಿ ಮೂರು ಬಗೆಯನ್ನು ತಿಳಿದಿರಬೇಕು.

ಮ್ಯೂಕರ್‌ಮೈಕೋಸಿಸ್: ಜನ ಕಪ್ಪು ಶಿಲೀಂಧ್ರ ಎನ್ನುವುದು ಇದಕ್ಕೇ. ಮೂಗಿನಿಂದ ಒಳಹೊಕ್ಕು, ಮೂಗಿನ ಪಕ್ಕದ ಮೂಳೆಗಳೊಳಗಿನ ಗಾಳಿಗೂಡುಗಳಿಗೆ, ಅಂದರೆ ಸೈನಸ್‌ಗಳಿಗೆ ಹರಡುತ್ತದೆ. ಅಲ್ಲಿಂದ ಕಣ್ಣಿಗೆ, ಕೊನೆಗೆ ಮಿದುಳಿಗೆ ಹೋಗಬಲ್ಲದು. ಅಪರೂಪದ್ದು, ಆದರೆ ದಿನಗಳ ಲೆಕ್ಕದಲ್ಲಿ ಓಡುವಂಥದ್ದು.

ಆಸ್ಪರ್ಜಿಲೋಸಿಸ್: ಹೆಚ್ಚಾಗಿ ಶ್ವಾಸಕೋಶವನ್ನು ಹಿಡಿಯುತ್ತದೆ. ಕೋವಿಡ್ ಅಥವಾ ಇನ್‌ಫ್ಲುಯೆಂಜಾ ತೀವ್ರವಾಗಿ ತೀವ್ರ ನಿಗಾ ಘಟಕದಲ್ಲಿದ್ದವರಲ್ಲಿ ಕಾಣುತ್ತದೆ.

ಕ್ಯಾಂಡಿಡಾ: ಬಾಯಿಯಲ್ಲಿ ಮೊಸರು ಮೆತ್ತಿದಂತೆ ಬಿಳಿ ಪದರ ಕಟ್ಟುವುದು ಇದರಿಂದಲೇ. ಮೂರರಲ್ಲಿ ತೀರಾ ಸಾಮಾನ್ಯವಾದದ್ದು, ಸುಲಭವಾಗಿ ಗುಣವಾಗುವಂಥದ್ದು.

ಕಪ್ಪು, ಬಿಳಿ, ಹಳದಿ ಎಂದು ಬಣ್ಣದ ಮೇಲೆ ಹೆಸರಿಟ್ಟದ್ದರಿಂದ ಗೊಂದಲವೇ ಹೆಚ್ಚಾಯಿತು. ಮ್ಯೂಕರ್ ಕುಟುಂಬದ ಶಿಲೀಂಧ್ರ ಕಪ್ಪಗಿರುವುದಿಲ್ಲ. ಅದು ರಕ್ತನಾಳಗಳೊಳಗೆ ಬೆಳೆದು ರಕ್ತ ಹರಿಯುವುದನ್ನೇ ತಡೆಯುತ್ತದೆ. ಕಾಲುವೆ ಕಟ್ಟಿದರೆ ಕೆಳಗಿನ ಗದ್ದೆ ಒಣಗುವಂತೆ, ಆ ಭಾಗದ ಮಾಂಸ ಸತ್ತು ಕಪ್ಪಾಗುತ್ತದೆ. ಅಂದರೆ ಕಪ್ಪು ಕಾಣಿಸಿಕೊಳ್ಳುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ. "ಕಪ್ಪೇನೂ ಕಾಣಲಿಲ್ಲವಲ್ಲ" ಎಂದು ಕಾಯುತ್ತ ಕೂರುವುದೇ ಈ ಕಾಯಿಲೆಯಲ್ಲಿ ಜನ ಮಾಡುವ ಅತಿ ದೊಡ್ಡ ತಪ್ಪು.

ಇನ್ನೊಂದು ಸಮಾಧಾನದ ಮಾತು: ಮ್ಯೂಕರ್‌ಮೈಕೋಸಿಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡುವುದು, ಮಕ್ಕಳನ್ನು ಹತ್ತಿರ ಬಿಡದಿರುವುದು ಯಾವುದೂ ಬೇಡ.

ಏನೇನು ಬೇಕು?

ಸಕ್ಕರೆ ನೋಡುವ ಗ್ಲುಕೋಮೀಟರ್, ಅದಕ್ಕೆ ಸಾಕಷ್ಟು ಪಟ್ಟಿಗಳು, ಒಳ್ಳೆಯ ಬೆಳಕಿನ ಟಾರ್ಚು, ಜ್ವರಮಾಪಕ, ಒಂದು ಸ್ಟೀಲ್ ಚಮಚ, ಸ್ವಲ್ಪ ಹತ್ತಿ, ಒಂದು ನೋಟ್ ಪುಸ್ತಕ. ಗ್ಲುಕೋಮೀಟರಿನ ಪಟ್ಟಿಗಳ ಡಬ್ಬಿಯನ್ನು ಪ್ರತಿ ಸಲವೂ ಬಿಗಿಯಾಗಿ ಮುಚ್ಚಿ. ನಮ್ಮ ಮಳೆಗಾಲದ ತೇವಕ್ಕೆ ಪಟ್ಟಿ ಹಾಳಾಗಿ ತಪ್ಪು ಅಂಕಿ ತೋರಿಸುತ್ತದೆ. ಅಡುಗೆಮನೆಯ ಒಲೆಯ ಪಕ್ಕದಲ್ಲಾಗಲಿ, ಬಚ್ಚಲ ಕಿಟಕಿಯಲ್ಲಾಗಲಿ ಅದನ್ನು ಇಡಬೇಡಿ.

1. ನಿಮ್ಮ ಮನೆಯ ರೋಗಿ ಯಾವ ಗುಂಪಿನವರೆಂದು ನಿರ್ಧರಿಸಿ

ವೈರಾಣು ಜ್ವರ ಬಂದವರೆಲ್ಲರೂ ಈ ಲೇಖನದ ಪ್ರಕಾರ ನಡೆಯಬೇಕಿಲ್ಲ. ಮೂರು ದಿನದ ಶೀತಜ್ವರ ಬಂದು ಹೋದ ಮೂವತ್ತರ ಯುವಕನ ಬಾಯಿಗೆ ದಿನಾ ಟಾರ್ಚು ಹಿಡಿದರೆ ಅವನಿಗೂ ಬೇಸರ, ನಿಮಗೂ ಬೇಸರ.

ನಿಗಾ ಬೇಕಾಗುವುದು ಇಂಥವರಿಗೆ: ಮೊದಲಿನಿಂದ ಸಕ್ಕರೆ ಕಾಯಿಲೆ ಇದ್ದವರು, ಆಸ್ಪತ್ರೆಯಲ್ಲಿ ಮೊದಲ ಸಲ ಸಕ್ಕರೆ ಜಾಸ್ತಿ ಬಂದವರು, ಸ್ಟೀರಾಯ್ಡ್ ತೆಗೆದುಕೊಂಡವರು, ತೀವ್ರ ನಿಗಾ ಘಟಕದಲ್ಲಿ ಅಥವಾ ಆಮ್ಲಜನಕದ ಮೇಲೆ ಇದ್ದು ಬಂದವರು, ಮೂತ್ರಪಿಂಡ ಬದಲಾಯಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಸಂಧಿವಾತಕ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುವವರು.

ಕೋವಿಡ್ ರೋಗಿಗಳಲ್ಲಿ ಮ್ಯೂಕರ್‌ಮೈಕೋಸಿಸ್ ಬಹುಮಟ್ಟಿಗೆ ಕಾಣಿಸಿಕೊಂಡದ್ದು ಸೋಂಕು ಪತ್ತೆಯಾದ ಎರಡು ಮೂರು ವಾರಗಳ ಆಸುಪಾಸಿನಲ್ಲಿ. ಕೆಲವರಲ್ಲಿ ಇನ್ನೂ ತಡವಾಗಿ ಬಂದದ್ದುಂಟು. ಅದಕ್ಕೇ ನಾನು ಆರು ವಾರ ಎನ್ನುವುದು.

ಮಂಗನ ಕಾಯಿಲೆಯಿಂದ ಎದ್ದವರಿಗೂ ಹೀಗಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಆ ಜ್ವರ ನಮ್ಮದೇ ನೆಲದ್ದಾದ್ದರಿಂದ ಪ್ರಶ್ನೆ ಸಹಜ. ಶಿಲೀಂಧ್ರಕ್ಕೆ ಮುಖ್ಯವಾಗುವುದು ವೈರಾಣುವಿನ ಹೆಸರಲ್ಲ, ರೋಗಿಯ ಸಕ್ಕರೆ, ಸ್ಟೀರಾಯ್ಡ್ ಮತ್ತು ನಿಶ್ಶಕ್ತಿ. ಆದರೆ ಮಂಗನ ಕಾಯಿಲೆಯಲ್ಲಿ ಬೇರೊಂದು ಮಾತಿದೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಜ್ವರ, ತೀವ್ರ ತಲೆನೋವು, ಕೈನಡುಕ, ಕಣ್ಣು ಮಂಜಾಗುವುದು ಶುರುವಾಗುತ್ತದೆ. ಅದು ಆ ಕಾಯಿಲೆಯದೇ ಎರಡನೆಯ ಸುತ್ತು. ಇದು ಶಿಲೀಂಧ್ರವೋ, ಎರಡನೆಯ ಸುತ್ತೋ ಎಂದು ಜಗಲಿಯಲ್ಲಿ ಕೂತು ಚರ್ಚಿಸಬೇಡಿ. ಎರಡಕ್ಕೂ ಆಸ್ಪತ್ರೆಗೇ ಹೋಗಬೇಕು.

2. ಮಾತ್ರೆಯ ಹಾಳೆಗಳನ್ನು ಓದಿ

ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಸಾರಾಂಶ ಪತ್ರವನ್ನೂ ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಹರಡಿಕೊಳ್ಳಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಮೀಥೈಲ್‌ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್, ಡೆಫ್ಲಜಾಕಾರ್ಟ್: ಇವುಗಳಲ್ಲಿ ಒಂದು ಹೆಸರಿದ್ದರೂ ಅದು ಸ್ಟೀರಾಯ್ಡ್. ಕಂಪನಿಯ ಹೆಸರು ದೊಡ್ಡಕ್ಷರದಲ್ಲಿ, ಮೂಲ ಔಷಧದ ಹೆಸರು ಅದರ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಸಣ್ಣಕ್ಷರವನ್ನೇ ಓದಿ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ.

ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ. 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನವು, ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟರೆ ಸಾವು ಕಡಿಮೆಯಾಗುತ್ತದೆಂದು ತೋರಿಸಿತು. ಗರಿಷ್ಠ 10 ದಿನ, ಅಷ್ಟೇ. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭವಿಲ್ಲವೆಂದೂ ಅದೇ ಅಧ್ಯಯನ ಹೇಳಿತು. ಮೊದಲ ಅರ್ಧವನ್ನು ಎಲ್ಲರೂ ಕೇಳಿಸಿಕೊಂಡರು, ಎರಡನೆಯ ಅರ್ಧವನ್ನು ಮರೆತರು. ಅಳತೆ ಮೀರಿದ ಪ್ರಮಾಣ, ಅವಧಿ ಮುಗಿದ ಮೇಲೂ ಮುಂದುವರಿಸುವುದು, ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಕೊಂಡು ನುಂಗುವುದು ಇವು ಅಪಾಯದ ದಾರಿಗಳು. ನನ್ನ ಸೋದರತ್ತೆಗೆ ಅಂಗಡಿಯೊಂದರಲ್ಲಿ ಮೈಕೈ ನೋವಿಗೆಂದು ಕಾಗದದಲ್ಲಿ ಕಟ್ಟಿ ಕೊಟ್ಟ ಬಿಡಿ ಮಾತ್ರೆಗಳಲ್ಲಿ ಸ್ಟೀರಾಯ್ಡೂ ಒಂದಾಗಿತ್ತು. ನುಂಗಿದ ಮೇಲೆ ಹಸಿವು ಹೆಚ್ಚಿ, ಮೈ ಹಗುರವಾಗಿ, ಮತ್ತೆ ಅದೇ ಪೊಟ್ಟಣ ತರಿಸಿಕೊಂಡರು. ಹೆಸರು ಕಾಣದ ಮಾತ್ರೆಯನ್ನು ಮನೆಯೊಳಗೆ ತರಬೇಡಿ.

ಇಲ್ಲಿ ತಿರುಗು ತಪ್ಪೂ ಒಂದಿದೆ. ಈ ಲೇಖನ ಓದಿ ಗಾಬರಿಯಾಗಿ ಸ್ಟೀರಾಯ್ಡನ್ನು ನೀವಾಗಿಯೇ ನಿಲ್ಲಿಸಬೇಡಿ. ಹಲವು ವಾರ ತೆಗೆದುಕೊಂಡವರು ಒಮ್ಮೆಗೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರಿಗೆ ಮೂರು ಪ್ರಶ್ನೆ ಕೇಳಿ: ಇದು ಎಷ್ಟು ದಿನ, ಹೇಗೆ ಇಳಿಸಬೇಕು, ಕೊನೆಯ ಮಾತ್ರೆ ಯಾವ ತಾರೀಖಿಗೆ? ಉತ್ತರವನ್ನು ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

3. ಸಕ್ಕರೆಯನ್ನು ಸರಿಯಾದ ಹೊತ್ತಿಗೆ ನೋಡಿ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ, "110 ಬಂತು, ಎಲ್ಲ ಚೆನ್ನಾಗಿದೆ" ಎಂದು ಯಂತ್ರವನ್ನು ಒಳಗಿಡುತ್ತಾರೆ. ಬೆಳಿಗ್ಗೆ ಸ್ಟೀರಾಯ್ಡ್ ನುಂಗುವವರಲ್ಲಿ ಇದು ಮೋಸ ಮಾಡುವ ಅಂಕಿ. ಪ್ರೆಡ್ನಿಸೋಲೋನಿನಂಥ ಮಾತ್ರೆ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದಿಂದ ರಾತ್ರಿಯವರೆಗೆ. ಮಾರನೆಯ ಬೆಳಿಗ್ಗೆ ಅದು ಇಳಿದು ಸಭ್ಯವಾಗಿ ಕೂತಿರುತ್ತದೆ. ಆದ್ದರಿಂದ ಬೆಳಗಿನದರ ಜೊತೆಗೆ ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ, ರಾತ್ರಿ ಊಟಕ್ಕೆ ಮೊದಲು ಒಮ್ಮೆ ನೋಡಲೇಬೇಕು. ಡೆಕ್ಸಾಮೆಥಾಸೋನ್ ಆದರೆ ಪರಿಣಾಮ ಒಂದೂವರೆ ದಿನಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಎಲ್ಲ ಹೊತ್ತಿನಲ್ಲೂ ಏರಬಹುದು.

ಆಸ್ಪತ್ರೆಗಳಲ್ಲಿ ಮಲಗಿದ ರೋಗಿಗೆ ಸಾಮಾನ್ಯವಾಗಿ 140ರಿಂದ 180ರ ನಡುವೆ ಹಿಡಿದಿಡಲು ನೋಡುತ್ತಾರೆ. ಮನೆಯಲ್ಲಿ ಎರಡು ಮೂರು ಸಲ ಬಿಡದೆ 180 ದಾಟಿದರೆ ವೈದ್ಯರಿಗೆ ಫೋನು ಮಾಡಿ, ಮಾತ್ರೆಯನ್ನೋ ಇನ್ಸುಲಿನ್ನನ್ನೋ ಸರಿಮಾಡಿಸಿಕೊಳ್ಳಿ. 300 ದಾಟಿದರೆ, ಅಥವಾ ಸಕ್ಕರೆ ಏರಿರುವಾಗ ವಾಂತಿ, ಹೊಟ್ಟೆನೋವು, ಏದುಸಿರು, ಬಾಯಿಯಿಂದ ಕಳಿತ ಹಣ್ಣಿನ ವಾಸನೆ ಬಂದರೆ ಆ ಕ್ಷಣವೇ ಹೊರಡಿ. ಅದು ಕೀಟೋಅಸಿಡೋಸಿಸ್ ಇರಬಹುದು. ಅಂದರೆ ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಸುಟ್ಟು, ರಕ್ತ ಹುಳಿಯಾಗುವ ಸ್ಥಿತಿ. ಅದೇ ಒಂದು ತುರ್ತು. ಮೇಲಿಂದ ಮ್ಯೂಕರ್ ಶಿಲೀಂಧ್ರಕ್ಕೆ ಅತಿ ಪ್ರಿಯವಾದ ನೆಲವೂ ಅದೇ. ಹುಳಿಯಾದ ರಕ್ತದಲ್ಲಿ ಅದಕ್ಕೆ ಬೇಕಾದ ಕಬ್ಬಿಣಾಂಶ ಸಡಿಲವಾಗಿ ಸಿಗುತ್ತದೆ, ಅದನ್ನು ತಿನ್ನಬೇಕಾದ ಬಿಳಿರಕ್ತಕಣಗಳು ಮಂಕಾಗುತ್ತವೆ.

ಊಟದ ವಿಷಯದಲ್ಲಿ ನನ್ನ ತಕರಾರು ನೆಂಟರ ಮೇಲೆ. ರೋಗಿಯನ್ನು ನೋಡಲು ಬರುವವರು ಗ್ಲುಕೋಸ್ ಪುಡಿ, ಹಣ್ಣಿನ ರಸದ ಡಬ್ಬಿ, ಬಿಸ್ಕತ್ತು ಹಿಡಿದು ಬರುತ್ತಾರೆ. "ಶಕ್ತಿ ಬರಲಿ" ಎಂದು ಗಂಜಿಗೆ ಬೆಲ್ಲ, ಕಷಾಯಕ್ಕೆ ಬೆಲ್ಲ, ಹಾಲಿಗೆ ಸಕ್ಕರೆ. ನಮ್ಮ ಕಷಾಯದ ಪುಡಿಯಲ್ಲಿ ತಪ್ಪಿಲ್ಲ, ಬೆಲ್ಲದ ಅಚ್ಚಿನಲ್ಲಿದೆ. ಸಪ್ಪೆ ಗಂಜಿಯ ಜೊತೆ ಬೇಳೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಸೊಪ್ಪಿನ ತಂಬುಳಿ ಕೊಡಿ.

4. ದಿನಕ್ಕೊಮ್ಮೆ ಎರಡು ನಿಮಿಷದ ಟಾರ್ಚಿನ ಪರೀಕ್ಷೆ

ಇದನ್ನು ದಿನವೂ ಒಂದೇ ಹೊತ್ತಿಗೆ, ಒಬ್ಬರೇ ಮಾಡಿ. ಇಂದು ಮಗ, ನಾಳೆ ಸೊಸೆ, ನಾಡಿದ್ದು ಪಕ್ಕದ ಮನೆಯವರು ನೋಡಿದರೆ ನಿನ್ನೆಗೂ ಇಂದಿಗೂ ಏನು ಬದಲಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಆಷಾಢದ ಮೋಡದಲ್ಲಿ ನಡುಮನೆಯ ಬೆಳಕನ್ನು ನಂಬಬೇಡಿ, ರೋಗಿಯನ್ನು ಜಗಲಿಗೆ ಕರೆದು ಕೂರಿಸಿ.

ಮುಖ: ಎದುರು ಕೂತು ಎರಡೂ ಕೆನ್ನೆಗಳನ್ನು ಹೋಲಿಸಿ ನೋಡಿ. ಒಂದು ಬದಿ ಊದಿದೆಯೇ, ಕೆಂಪಾಗಿದೆಯೇ? ಹತ್ತಿಯಿಂದ ಎರಡೂ ಕೆನ್ನೆಯನ್ನು ಮೆಲ್ಲಗೆ ಸವರಿ, "ಎರಡೂ ಕಡೆ ಒಂದೇ ತರ ಗೊತ್ತಾಗುತ್ತಿದೆಯೇ?" ಎಂದು ಕೇಳಿ. ಒಂದು ಬದಿ ಜೋಮು ಹಿಡಿದಂತಿದೆ ಎಂದರೆ ಅದು ದೊಡ್ಡ ಸುಳಿವು.

ಕಣ್ಣು: ಒಂದು ರೆಪ್ಪೆ ಜೋತುಬಿದ್ದಿದೆಯೇ, ಕಣ್ಣು ಮುಂದೆ ಬಂದಂತಿದೆಯೇ ನೋಡಿ. ಒಂದೊಂದೇ ಕಣ್ಣು ಮುಚ್ಚಿಸಿ ನಿಮ್ಮ ಬೆರಳು ಎಣಿಸಲು ಹೇಳಿ. ಆಮೇಲೆ ಎರಡೂ ಕಣ್ಣು ತೆರೆಸಿ, ತಲೆ ಅಲುಗಿಸದೆ ನಿಮ್ಮ ಬೆರಳನ್ನು ನಾಲ್ಕೂ ದಿಕ್ಕಿಗೆ ನೋಡಲು ಹೇಳಿ. ಒಂದು ಬೆರಳು ಎರಡಾಗಿ ಕಂಡರೆ ಗುರುತು ಮಾಡಿಕೊಳ್ಳಿ.

ಮೂಗು: ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಉಸಿರಾಡಿಸಿ. ಒಂದೇ ಬದಿ ಕಟ್ಟಿದೆಯೇ? ಸಿಂಬಳದಲ್ಲಿ ರಕ್ತ ಅಥವಾ ಕಂದು-ಕಪ್ಪು ಬಣ್ಣ ಇದೆಯೇ? ಬಿಳಿ ಬಟ್ಟೆಗೆ ಸಿಂಬಳ ತೆಗೆಸಿ ನೋಡಿ.

ಬಾಯಿ: ಹಲ್ಲುಸೆಟ್ಟು ಇದ್ದರೆ ತೆಗೆಸಿ. ತಲೆ ಹಿಂದಕ್ಕೆ ಬಾಗಿಸಿ, ಚಮಚದ ಹಿಂಬದಿಯಿಂದ ನಾಲಿಗೆ ಒತ್ತಿ, ಅಂಗುಳಕ್ಕೆ ಟಾರ್ಚು ಹಿಡಿಯಿರಿ. ಅಂಗುಳ ಎಲ್ಲ ಕಡೆ ಒಂದೇ ನಸುಗೆಂಪಾಗಿರಬೇಕು. ಒಂದು ಕಡೆ ಬಿಳಿಚಿಕೊಂಡಿದ್ದರೆ, ನೇರಳೆಗೆ ತಿರುಗಿದ್ದರೆ, ಹುಣ್ಣಾಗಿದ್ದರೆ ಕಪ್ಪಾಗುವವರೆಗೆ ಕಾಯಬೇಡಿ. ಮೇಲಿನ ಹಲ್ಲುಗಳನ್ನು ಬೆರಳಿನಿಂದ ಅಲುಗಿಸಿ ನೋಡಿ. ನಿನ್ನೆ ಗಟ್ಟಿಯಿದ್ದ ಹಲ್ಲು ಇಂದು ಅಲುಗುವುದು ಮುದಿತನದಿಂದಲ್ಲ.

ಕವಳ ಹಾಕುವ ಹಿರಿಯರ ಬಾಯಿಯನ್ನು ನೋಡುವಾಗ ಒಂದು ತೊಡಕಿದೆ. ಎಲೆ ಅಡಿಕೆಯ ಕಲೆಯಿಂದ ಅಂಗುಳ ಕಂದಾಗಿ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ, ಮೊದಲ ಕವಳಕ್ಕೆ ಮುಂಚೆ ನೋಡಿ. ಈ ಆರು ವಾರ ಕವಳ ಬಿಟ್ಟರೆ ಇನ್ನೂ ಒಳ್ಳೆಯದು, ಆದರೆ ನಮ್ಮ ಕಡೆಯ ಅಜ್ಜಂದಿರಿಗೆ ಅದನ್ನು ಹೇಳಿ ಗೆದ್ದವರನ್ನು ನಾನು ಕಂಡಿಲ್ಲ.

ಬಾಯಿಯಲ್ಲಿ ಬಿಳಿ ಪದರ ಕಂಡರೆ ಚಮಚದ ಅಂಚಿನಿಂದ ಮೃದುವಾಗಿ ಕೆರೆಯಿರಿ. ಮೊಸರಿನಂತೆ ಕಿತ್ತು ಬಂದು ಕೆಳಗೆ ಕೆಂಪು ಕಂಡರೆ ಬಹುಶಃ ಕ್ಯಾಂಡಿಡಾ. ಅದಕ್ಕೆ ಗಾಬರಿ ಬೇಡ. ವೈದ್ಯರು ಕ್ಲೋಟ್ರಿಮಜೋಲ್ ಹನಿಯಂಥದ್ದನ್ನು ಬಾಯಿಗೆ ಹಚ್ಚಲು ಕೊಡುತ್ತಾರೆ. ನುಂಗುವಾಗ ಎದೆಯಲ್ಲಿ ನೋವಿದ್ದರೆ ಸೋಂಕು ಅನ್ನನಾಳಕ್ಕೆ ಇಳಿದಿದೆಯೆಂದು ಅನುಮಾನಿಸಬೇಕು, ಆಗ ಹಚ್ಚುವ ಔಷಧಿ ಸಾಲದು. ದಮ್ಮಿಗೆ ಸ್ಟೀರಾಯ್ಡ್ ಇನ್‌ಹೇಲರ್ ಸೇದುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಹಲ್ಲುಸೆಟ್ಟನ್ನು ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿ ಇಡಬೇಕು.

ಎದೆ: ಬಿಟ್ಟಿದ್ದ ಜ್ವರ ಮರಳಿತೇ, ಕಫದಲ್ಲಿ ರಕ್ತ ಬಂತೇ, ಉಸಿರೆಳೆದರೆ ಎದೆ ಚುಚ್ಚುತ್ತದೆಯೇ, ಪ್ರತಿಜೀವಕ ಮಾತ್ರೆ ಮುಗಿದರೂ ಕೆಮ್ಮು ಬಗ್ಗಲಿಲ್ಲವೇ? ಹಿಂದೆ ಕ್ಷಯ ಬಂದು ಗುಣವಾದವರಲ್ಲಿ ಶ್ವಾಸಕೋಶದಲ್ಲಿ ಉಳಿದ ಪೊಳ್ಳಿನೊಳಗೆ ಆಸ್ಪರ್ಜಿಲಸ್ ಮನೆ ಮಾಡಬಲ್ಲದು. ನೋಡಲು ಕ್ಷಯ ಮರುಕಳಿಸಿದಂತೆಯೇ ಇರುತ್ತದೆ. ಕಫದಲ್ಲಿ ಕ್ಷಯ ಸಿಗಲಿಲ್ಲವೆಂದರೆ "ಶಿಲೀಂಧ್ರಕ್ಕೂ ಒಮ್ಮೆ ನೋಡಬಹುದೇ?" ಎಂದು ಕೇಳಲು ಸಂಕೋಚ ಬೇಡ.

ನೆನಪಿಡಬೇಕಾದ ನಿಯಮ ಇಷ್ಟು: ಹೊಸದಾಗಿ, ಒಂದೇ ಬದಿಗೆ ಬಂದದ್ದು ಯಾವುದಿದ್ದರೂ ಅದೇ ದಿನ ಆಸ್ಪತ್ರೆಗೆ. ಎರಡೂ ಬದಿ ಮೂಗು ಕಟ್ಟಿ ಸೀನು ಬಂದರೆ ಬಹುಪಾಲು ಶೀತವೇ. ಒಂದೇ ಬದಿಯ ಕೆನ್ನೆನೋವನ್ನು ಹಲ್ಲುನೋವೆಂದು ಲವಂಗದೆಣ್ಣೆ ಇಟ್ಟುಕೊಂಡು, ಒಂದೇ ಬದಿಯ ತಲೆನೋವನ್ನು ಅರೆತಲೆನೋವೆಂದು ಮುಲಾಮು ಹಚ್ಚಿಕೊಂಡು ಮೂರು ನಾಲ್ಕು ದಿನ ಕಳೆಯುತ್ತಾರೆ. ಈ ಕಾಯಿಲೆ ಬೇಡುವುದು ಆ ನಾಲ್ಕು ದಿನವನ್ನೇ.

5. ಮನೆ, ತೋಟ, ಕೊಟ್ಟಿಗೆ

ಆರು ವಾರ ಈ ಕೆಲಸಗಳಿಂದ ರೋಗಿಯನ್ನು ದೂರವಿಡಿ: ಗೊಬ್ಬರದ ಗುಂಡಿ ಎತ್ತುವುದು, ಕೊಟ್ಟಿಗೆಗೆ ಸೊಪ್ಪು ಹಾಸುವುದು, ಕೊಳೆತ ಅಡಿಕೆ ಸಿಪ್ಪೆಯ ರಾಶಿ ಕೆದಕುವುದು, ತರಗೆಲೆ ಗುಡಿಸಿ ಒಟ್ಟುವುದು, ಹಳೆಯ ಹುಲ್ಲಿನ ಬಣವೆ ಬಿಚ್ಚುವುದು, ಅಟ್ಟದ ಬೂಷ್ಟು ಝಾಡಿಸುವುದು. ಎಲ್ಲದರಲ್ಲೂ ಬೀಜಕಣಗಳು ಒಮ್ಮೆಗೇ ಮೋಡದಂತೆ ಏಳುತ್ತವೆ. ಮಾಡಲೇಬೇಕಾದ ಅನಿವಾರ್ಯವಿದ್ದರೆ ಎನ್95 ಮುಖಗವಸು, ಬೂಟು, ಉದ್ದ ತೋಳಿನ ಅಂಗಿ ಹಾಕಲಿ. ಕಾಲಿಗೆ ಗಾಯವಿದ್ದರೆ ಬರಿಗಾಲಲ್ಲಿ ಕೆಸರಿಗೆ ಇಳಿಯುವುದು ಬೇಡವೇ ಬೇಡ.

ಗೋಡೆಯ ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಹೊತ್ತು ರೋಗಿ ಬೇರೆ ಕೋಣೆಯಲ್ಲಿರಲಿ. ಅವರ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕಬೇಡಿ. ಮನೆಯಲ್ಲಿ ಆಮ್ಲಜನಕದ ಯಂತ್ರವಿದ್ದರೆ ಅದರ ನೀರಿನ ಬಾಟಲಿಗೆ ಬಟ್ಟಿ ಇಳಿಸಿದ ನೀರು ಹಾಕಿ, ದಿನವೂ ಬದಲಿಸಿ.

ಎರಡು ಪ್ರಶ್ನೆಗಳಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅಡಿಕೆಯ ಕೊಳೆರೋಗ ಮನುಷ್ಯರಿಗೆ ಬರುತ್ತದೆಯೇ? ಇಲ್ಲ. ಕೊಳೆ ತರುವ ಫೈಟಾಫ್ತೋರಾ ಎಂಬ ಜೀವಿ ನಿಜವಾದ ಶಿಲೀಂಧ್ರವೂ ಅಲ್ಲ, ನಮಗೆ ತಗಲುವುದೂ ಇಲ್ಲ. ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಹೊಡೆಯಿರಿ, ಮನೆಯ ಗೋಡೆಗಲ್ಲ. ಈರುಳ್ಳಿಯ ಸಿಪ್ಪೆಯ ಮೇಲಿನ ಕಪ್ಪು ಪುಡಿ? ಅದು ಕಪ್ಪು ಶಿಲೀಂಧ್ರ ಕಾಯಿಲೆ ತರುತ್ತದೆಂದು 2021ರಲ್ಲಿ ಮೊಬೈಲಿಂದ ಮೊಬೈಲಿಗೆ ಹರಿದ ಸುದ್ದಿ ಸುಳ್ಳು. ಅದು ಆಸ್ಪರ್ಜಿಲಸ್ ಜಾತಿಯ ಬೂಷ್ಟು, ಮ್ಯೂಕರ್ ಅಲ್ಲ. ತೊಳೆದು, ಮೇಲಿನ ಸಿಪ್ಪೆ ತೆಗೆದು ಬಳಸಿ.

6. ಅನುಮಾನ ಬಂದ ದಿನ

ಬೆಳಿಗ್ಗೆ ಅನುಮಾನ ಬಂದರೆ ಸಂಜೆಯೊಳಗೆ ಕಿವಿ, ಮೂಗು, ಗಂಟಲಿನ ವೈದ್ಯರ ಮುಂದೆ ಇರಬೇಕು. ತಾಲ್ಲೂಕು ಆಸ್ಪತ್ರೆ ಹತ್ತಿರವಿದ್ದರೆ ಮೊದಲು ಅಲ್ಲಿಗೆ ಹೋಗಿ ಸಕ್ಕರೆ ನೋಡಿಸಿ, ಶಿಫಾರಸು ಪತ್ರ ಬರೆಸಿಕೊಳ್ಳಿ. ಆದರೆ ಅಲ್ಲಿ ಒಂದು ರಾತ್ರಿ "ನೋಡೋಣ" ಎಂದು ಉಳಿಯುವುದು ಬೇಡ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ ಸುಮಾರು 60. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯು ಸಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಇಂಥ ಬೋಧನಾ ಆಸ್ಪತ್ರೆಗೆ ಹೋದರೆ ಮೂಗು, ಕಣ್ಣು, ಹಲ್ಲು, ಸಕ್ಕರೆ ನೋಡುವವರೆಲ್ಲ ಒಂದೇ ಕಡೆ ಸಿಗುತ್ತಾರೆ, ಮತ್ತು ಈ ಕಾಯಿಲೆಗೆ ಅವರೆಲ್ಲರೂ ಬೇಕು. ಆಗುಂಬೆ ಕಡೆಯವರು ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವುದಾದರೆ, ಮಳೆಗಾಲದಲ್ಲಿ ಹೊರಡುವ ಮೊದಲು ಘಾಟಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ.

ಜೊತೆಗೆ ಒಯ್ಯಬೇಕಾದದ್ದು: ಆಸ್ಪತ್ರೆಯ ಸಾರಾಂಶ ಪತ್ರ, ಮಾತ್ರೆಗಳ ಖಾಲಿ ಹಾಳೆಗಳು ಸಹಿತ ಎಲ್ಲವೂ, ಸಕ್ಕರೆ ಬರೆದ ಪುಸ್ತಕ, ಪಡಿತರ ಚೀಟಿ, ಆಧಾರ್. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಈ ಕಾಯಿಲೆಯ ಔಷಧಿ ದುಬಾರಿ, ಆದ್ದರಿಂದ ಕಾಗದ ಮರೆತು ಹೋಗಬೇಡಿ.

ಹೊರಡುವ ಮೊದಲು ಮೂಗಿಗೆ ಅರಿಸಿನ, ಎಣ್ಣೆ, ಹಬೆ ಯಾವುದನ್ನೂ ಪ್ರಯೋಗಿಸಬೇಡಿ. ಹಬೆಯಿಂದ ಮುಖ ಸುಟ್ಟುಕೊಂಡವರನ್ನು ವಾರ್ಡಿನಲ್ಲಿ ನೋಡಿದ್ದೇನೆ, ಅದರಿಂದ ಶಿಲೀಂಧ್ರ ಹೋದವರನ್ನು ನೋಡಿಲ್ಲ.

7. ಆಸ್ಪತ್ರೆಯಲ್ಲಿ ಏನಾಗುತ್ತದೆ?

ಮೂಗಿನೊಳಗೆ ಬೆಳಕಿರುವ ಸಣ್ಣ ನಳಿಗೆ ಇಳಿಸಿ ನೋಡುತ್ತಾರೆ, ಇದೇ ಎಂಡೋಸ್ಕೋಪಿ. ಅಲ್ಲಿಂದ ಚೂರು ಮಾಂಸ ತೆಗೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಳೆಗಳನ್ನು ಹುಡುಕುತ್ತಾರೆ. ಇದರ ಫಲಿತಾಂಶ ಅದೇ ದಿನ ಸಿಗಬಹುದು. ಬಯಾಪ್ಸಿ ಅಂದರೆ ಮಾಂಸದ ಪರೀಕ್ಷೆಗೆ, ಶಿಲೀಂಧ್ರ ಬೆಳೆಸಿ ನೋಡುವುದಕ್ಕೆ ಇನ್ನೂ ಕೆಲವು ದಿನ. ಎಷ್ಟು ಹರಡಿದೆ ಎಂದು ತಿಳಿಯಲು ಸಿಟಿ ಅಥವಾ ಎಂಆರ್‌ಐ ಚಿತ್ರ. ಬರಿಯ ಚಿತ್ರ ತೆಗೆಸಿ "ಸೈನಸ್ ತುಂಬಿದೆ" ಎಂಬ ವರದಿ ಹಿಡಿದು ಮನೆಗೆ ಬರಬೇಡಿ. ಅದು ಸಾಮಾನ್ಯ ನೆಗಡಿಯಲ್ಲೂ ತುಂಬುತ್ತದೆ, ಮಾಂಸದ ಪರೀಕ್ಷೆಯೇ ನಿರ್ಣಾಯಕ.

ಚಿಕಿತ್ಸೆ ಮೂರು ಕಾಲಿನ ಮೇಲೆ ನಿಂತಿದೆ: ಸಕ್ಕರೆ ಹಿಡಿತ, ಸತ್ತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು, ಆಂಫೊಟೆರಿಸಿನ್-ಬಿ ಎಂಬ ಔಷಧಿ. "ಔಷಧಿಯಲ್ಲೇ ವಾಸಿಯಾಗಲಿ, ಕೊಯ್ಯುವುದು ಬೇಡ" ಎಂದು ಹಟ ಹಿಡಿಯುವವರಿದ್ದಾರೆ. ರಕ್ತವೇ ಹರಿಯದ ಜಾಗಕ್ಕೆ ರಕ್ತದಲ್ಲಿ ಹರಿಯುವ ಔಷಧಿ ಹೇಗೆ ತಲುಪಬೇಕು? ಒಮ್ಮೊಮ್ಮೆ ಎರಡು ಮೂರು ಸಲ ಕೊಯ್ಯಬೇಕಾಗುತ್ತದೆ. ಮೇಲ್ದವಡೆಯ ಭಾಗ, ಅಪರೂಪಕ್ಕೆ ಕಣ್ಣನ್ನೂ ತೆಗೆಯಬೇಕಾದೀತು. ಆ ಸಹಿ ಹಾಕುವುದು ಕಷ್ಟ, ನನಗೆ ಗೊತ್ತು. ಆದರೆ ಊರಿನ ಎಲ್ಲರ ಅಭಿಪ್ರಾಯ ಕೇಳಿ ಬರುವೆನೆಂದು ಎರಡು ದಿನ ತೆಗೆದುಕೊಳ್ಳಬೇಡಿ.

ಆಂಫೊಟೆರಿಸಿನ್‌ನಲ್ಲಿ ಎರಡು ಬಗೆ. ಲೈಪೋಸೋಮಲ್ ಎನ್ನುವುದು ಕೊಬ್ಬಿನ ಸಣ್ಣ ಗುಳ್ಳೆಗಳೊಳಗೆ ಔಷಧಿ ತುಂಬಿದ್ದು. ಅದು ಮೂತ್ರಪಿಂಡಕ್ಕೆ ಕಡಿಮೆ ಹಾನಿ ಮಾಡುತ್ತದೆ, ಬೆಲೆ ಹೆಚ್ಚು. ಸಾಮಾನ್ಯ ಪ್ರಮಾಣ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಅಥವಾ ಹೆಚ್ಚು, ಅಂದರೆ 60 ಕಿಲೋ ತೂಗುವವರಿಗೆ 300 ಮಿಲಿಗ್ರಾಂ. ಹಳೆಯ ಬಗೆಯಲ್ಲಿ ಚಳಿಜ್ವರ, ನಡುಕ ಹೆಚ್ಚು. ಯಾವುದೇ ಆಗಲಿ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮತ್ತೆ ಮತ್ತೆ ಆಗಬೇಕು. "ಇವತ್ತು ಪೊಟ್ಯಾಸಿಯಂ ಎಷ್ಟು ಬಂತು?" ಎಂದು ನೀವೂ ಕೇಳಿ, ದಿನಕ್ಕೆ ಎಷ್ಟು ಮೂತ್ರ ಹೋಯಿತೆಂದು ಬರೆದಿಡಿ. ಎಳನೀರು ಕೊಡಬಹುದೇ ಎಂದು ಕೇಳಿಯೇ ಕೊಡಿ, ಅದರಲ್ಲಿ ಪೊಟ್ಯಾಸಿಯಂ ಬಹಳ. ಆಸ್ಪರ್ಜಿಲಸ್‌ಗೆ ಕೊಡುವ ವೋರಿಕೊನಜೋಲ್ ಮ್ಯೂಕರ್ ಮೇಲೆ ಕೆಲಸ ಮಾಡುವುದಿಲ್ಲ. ಹಾಗಾಗಿ ಪರಿಚಯದವರು ನುಂಗಿ ಉಳಿದ ಮಾತ್ರೆಯನ್ನು ತಂದುಕೊಟ್ಟರೆ ತೆಗೆದುಕೊಳ್ಳಬೇಡಿ.

8. ಮನೆಗೆ ಮರಳಿದ ಮೇಲೆ

ಆಂಫೊಟೆರಿಸಿನ್ ಚುಚ್ಚುಮದ್ದು ಮುಗಿದ ನಂತರ ಪೋಸಕೊನಜೋಲ್ ಮಾತ್ರೆಯನ್ನು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಮುಂದುವರಿಸುತ್ತಾರೆ. ಊಟದ ಜೊತೆಗೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಮೈಗೆ ಹತ್ತುವುದು ಕಡಿಮೆ. ನೋವು ಹೋಯಿತೆಂದು ಬಿಡಬೇಡಿ.

ಮೂಗನ್ನು ಉಪ್ಪುನೀರಿನಿಂದ ತೊಳೆಯಲು ಹೇಳಿರುತ್ತಾರೆ. ನಮ್ಮಲ್ಲಿ ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಕುಡಿಯಲು ಅಮೃತವೇ ಇರಬಹುದು, ಮೂಗಿಗೆ ಹಾಗೇ ಹಾಕಬೇಡಿ. ಹಸಿ ನೀರಿನಲ್ಲಿರುವ ಒಂದು ಜಾತಿಯ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗಬಲ್ಲದು. ಬಾವಿಯದಾಗಲಿ ನಲ್ಲಿಯದಾಗಲಿ, ಕೊತಕೊತ ಕುದಿಸಿ, ಮುಚ್ಚಿಟ್ಟು ಆರಿಸಿದ ನೀರನ್ನೇ ಬಳಸಿ. ಪಿಚಕಾರಿಯನ್ನು ತೊಳೆದು ಒಣಗಿಸಿಡಿ.

ಮೇಲ್ದವಡೆ ತೆಗೆದವರಿಗೆ ಅಂಗುಳದ ತೂತು ಮುಚ್ಚುವ ತಟ್ಟೆಯನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಅದಿಲ್ಲದೆ ಗಂಜಿ ಮೂಗಿಗೆ ಬರುತ್ತದೆ, ಮಾತು ಗೊಗ್ಗರಾಗುತ್ತದೆ. ಕೇಳದಿದ್ದರೆ ಯಾರೂ ತಾವಾಗಿ ಹೇಳದೆ ಹೋಗಬಹುದು, ಬಿಡುಗಡೆಯ ದಿನವೇ ಕೇಳಿ. ಟಾರ್ಚಿನ ಪರೀಕ್ಷೆಯನ್ನು ಈಗ ಇನ್ನೂ ಮೂರು ತಿಂಗಳು ನಡೆಸಿ, ಎಂಡೋಸ್ಕೋಪಿಗೆ ಕೊಟ್ಟ ತಾರೀಖು ತಪ್ಪಿಸಬೇಡಿ. ಅಡಿಕೆ ಕೊಯ್ಲಿದೆ, ಮದುವೆಯಿದೆ ಎಂದು ತಪ್ಪಿಸುವವರೇ ಹೆಚ್ಚು.

ಕೊನೆಯದಾಗಿ ಒಂದು ಚೀಟಿ ಮಾಡಿ. ರೋಗಿಯ ಹೆಸರು, ತೂಕ, ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್‌ನ ಪ್ರಮಾಣ, ಸ್ಟೀರಾಯ್ಡ್ ಶುರುವಾದ ಮತ್ತು ಮುಗಿಯುವ ತಾರೀಖು, ವೈದ್ಯರ ಫೋನು, ಆಂಬುಲೆನ್ಸಿನ 108. ಅದರ ಕೆಳಗೆ, ನಡುರಾತ್ರಿ ಮಳೆಯಲ್ಲೂ ಎದ್ದು ಬರುವ ಊರಿನ ಜೀಪಿನವರ ನಂಬರು. ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಬಾಗಿಲ ಹಿಂದೆ ಅಂಟಿಸಿ. ಬರಿಯ ಕಾಗದವನ್ನು ನಮ್ಮ ಗೋಡೆಯ ತೇವ ವಾರದೊಳಗೆ ತಿಂದುಹಾಕುತ್ತದೆ.